ಕ್ಯಾಶ್‌ಗೆ ಯಾವ ಪದ? ಅದನ್ನು ಟ್ಯೂನ್ ಮಾಡೋದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರ ಒಂದು ಸಹಕಾರ ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಲಿನಕ್ಸ್ ಸರ್ವರ್, ಲೆಕ್ಕವೆಲ್ಲ ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸಿನಲ್ಲಿ. ಮೆಮೊರಿ ಕ್ಯಾಶ್ (ಡಿಸ್ಕಿನಿಂದ ಓದಿದ್ದನ್ನು ಬೇಗ ಸಿಗಲಿ ಅಂತ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಸೆಟ್ಟಿಂಗ್ ಯಾವಾಗ ಬದಲಾಯಿಸಬೇಕು, ಯಾವಾಗ ಮುಟ್ಟಲೇಬಾರದು ಅಂತ ಅಲ್ಲಿನವರಿಗೆ ಕನ್ನಡದಲ್ಲೇ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದಕ್ಕೆ ನಿಮ್ಮ ಸಹಾಯ ಬೇಕು.

ಮೊದಲನೇ ತೊಡಕು ಕ್ಯಾಶ್ ಅನ್ನೋದೇ. ಕನ್ನಡದಲ್ಲಿ ಬರೆದರೆ ದುಡ್ಡಿನ ಕ್ಯಾಶಿಗೂ ಇದಕ್ಕೂ ಒಂದೇ ಅಕ್ಷರ. ಕಾಫಿ, ಒಳ್ಳೆಮೆಣಸಿನ ದುಡ್ಡು ಎಣಿಸಿ ಕೊಡುವ ಕೌಂಟರಿನಲ್ಲಿ ಕೂತವರು 'ಕ್ಯಾಶ್ ಖಾಲಿ ಮಾಡಬೇಡಿ' ಅಂತ ಓದಿದರೆ ಏನಂತ ತಿಳಿದುಕೊಳ್ಳಬೇಕು? 'ಕ್ಯಾಚೆ' ಅಂತ ತುಂಬಾ ಜನ ಹೇಳುತ್ತಾರೆ. ಗೊಂದಲ ತಪ್ಪುತ್ತದೆ, ಆದರೆ ಅರ್ಥ ಏನೂ ಹೊಳೆಯೋದಿಲ್ಲ. 'ಸಂಗ್ರಹ' ಅಂದರೆ ಅಲ್ಲೇ ಕಾಯಂ ಇಟ್ಟಿದ್ದು ಅನ್ನಿಸುತ್ತದೆ. ಕ್ಯಾಶ್‌ನಲ್ಲಿ ಇರೋದು ಮಾತ್ರ ಪದೇ ಪದೇ ಬೇಕಾಗುವುದರ ಪ್ರತಿ.

ಮೂಲ ಫ್ರೆಂಚ್ ಪದಕ್ಕೆ ಅಡಗಿಸು ಅಂತ ಅರ್ಥ. ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಮಾರಿಸ್ ವಿಲ್ಕ್ಸ್ 1965ರಲ್ಲಿ ಇದೇ ವಿಚಾರ ಬರೆದಾಗ 'ಸ್ಲೇವ್ ಮೆಮೊರಿ' ಅಂದಿದ್ದರು. ಕ್ಯಾಶ್ ಅನ್ನೋ ಹೆಸರು ಬಂದಿದ್ದು 1968ರಲ್ಲಿ, ಐಬಿಎಂನ ಸಿಸ್ಟಮ್/360 ಮಾಡೆಲ್ 85 ಅನ್ನೋ ಕಂಪ್ಯೂಟರಿನ ಜೊತೆ. ಹೀಗಾಗಿ 'ಅಡಗುದಾಣ' ಅನ್ನೋರೂ ಇರಬಹುದು. ನನಗೆ ಒಪ್ಪಿಗೆಯಿಲ್ಲ. ಓದುವವರಿಗೆ ಮುಖ್ಯವಾದದ್ದು ಕೈಗೆ ಹತ್ತಿರ ಇರೋದು, ಅಡಗಿರೋದಲ್ಲ.

ಕೈಸಾಲ, ಕೈದೋಟ, ಕೈಚೀಲ ಇವೆಲ್ಲ ಇವೆಯಲ್ವಾ, ಹಾಗೆ 'ಕೈಗೂಡು' ಅಂತ ಯೋಚಿಸಿದೆ. ಆದರೆ 'ಕನಸು ಕೈಗೂಡಿತು' ಅಡ್ಡ ಬರುತ್ತದೆ. 'ಕೈದಾಸ್ತಾನು' ಹೇಗೆ? ಕಾಫಿ ಗೋದಾಮಿನ ಜೊತೆ ಒಡನಾಟ ಇರುವವರಿಗೆ ದಾಸ್ತಾನು ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರತಿ ಅನ್ನೋ ಅರ್ಥ ಅದರಲ್ಲಿ ಬರೋದಿಲ್ಲ, ಅದೊಂದು ಕೊರತೆ. ಕೊಡವ ತಕ್ಕ್, ಅರೆಭಾಷೆ ಮನೆಮಾತಾಗಿರುವವರು ಇಲ್ಲಿದ್ದೀರಿ. ಬೇಕಾದಾಗ ತಕ್ಷಣ ಸಿಗಲಿ ಅಂತ ಹತ್ತಿರ ಇಟ್ಟುಕೊಳ್ಳುವುದಕ್ಕೆ ನಿಮ್ಮಲ್ಲಿ ಬೇರೆ ಪದ ಇದ್ದರೆ ದಯವಿಟ್ಟು ಹೇಳಿ.

ಟ್ಯೂನ್ ಮಾಡೋದಕ್ಕೆ, ಅಂದರೆ ಸೆಟ್ಟಿಂಗನ್ನು ಕೆಲಸಕ್ಕೆ ತಕ್ಕಂತೆ ಹೊಂದಿಸೋದಕ್ಕೆ, ಹಲವರು 'ಹೆಚ್ಚಿಸು' ಅಂತ ಬರೆಯುತ್ತಾರೆ. ಇದು ಬರೀ ಪದದ ತಪ್ಪಲ್ಲ, ಕೆಲಸವನ್ನೇ ಕೆಡಿಸುತ್ತದೆ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಬಫರ್ ಪೂಲ್ (ಡೇಟಾಬೇಸಿನ ಸ್ವಂತ ಕ್ಯಾಶ್) ಮೊದಲಿಗೆ 128 ಎಂಬಿ ಇರುತ್ತದೆ. ದೊಡ್ಡ ಲೆಕ್ಕಕ್ಕೆ ಅದು ಸಾಲದು, ಜಾಸ್ತಿ ಮಾಡಬೇಕು, ಸರಿ. ಆದರೆ 8 ಜಿಬಿ ಮೆಷಿನ್ನಿನಲ್ಲಿ ಬೇರೆ ಕೆಲಸಗಳೂ ನಡೆಯುತ್ತಿರುವಾಗ ಇದೊಂದಕ್ಕೇ 7 ಜಿಬಿ ಕೊಟ್ಟರೆ ಉಳಿದವೆಲ್ಲ ಡಿಸ್ಕಿನ ಸ್ವಾಪಿಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗಕ್ಕೆ) ಹೋಗಿ ಕೂರುತ್ತವೆ, ಮೊದಲಿಗಿಂತ ನಿಧಾನ ಆಗುತ್ತದೆ. ಅದಕ್ಕೇ 'ಹದ ಮಾಡು' ಇರಲಿ ಅನ್ನೋದು ನನ್ನ ಅಭಿಪ್ರಾಯ. ಹದ ಅಂದರೆ ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ. 'ಶ್ರುತಿಗೊಳಿಸು' ಚೆನ್ನಾಗೇ ಇದೆ, ಆದರೆ ಸೆಟ್ಟಿಂಗ್ ಫೈಲಿನ ಮುಂದೆ ಕೂತವರ ಬಾಯಲ್ಲಿ ಅದು ಬರೋದಿಲ್ಲ.

ನಮ್ಮ ಕಡೆ ಈ ಹದಕ್ಕೆ ಇನ್ನೊಂದು ಕಾರಣವಿದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗೋದು ಕೊಡಗಿನವರಿಗೆ ಹೊಸದಲ್ಲ. ಸೇವ್ ಮಾಡಿದ ಫೈಲನ್ನು ಲಿನಕ್ಸ್ ತಕ್ಷಣ ಡಿಸ್ಕಿಗೆ ಬರೆಯೋದಿಲ್ಲ, ಸಾಮಾನ್ಯವಾಗಿ 30 ಸೆಕೆಂಡಿನಷ್ಟು ಹೊತ್ತು ಮೆಮೊರಿಯಲ್ಲೇ ಇಟ್ಟುಕೊಳ್ಳಬಹುದು. ಆ ಹೊತ್ತನ್ನು ಉದ್ದ ಮಾಡಿದರೆ ವೇಗ ಸಿಗಬಹುದು, ಅಷ್ಟರಲ್ಲಿ ಯುಪಿಎಸ್ಸೂ ಕೈಕೊಟ್ಟರೆ ಫೈಲು ಹೋಯಿತು. ಡೇಟಾಬೇಸು ತನ್ನ ಲಾಗನ್ನು (ಬದಲಾವಣೆಗಳ ದಾಖಲೆಯನ್ನು) ಒತ್ತಾಯ ಮಾಡಿ ಡಿಸ್ಕಿಗೆ ಬರೆಸಿಕೊಳ್ಳುತ್ತದೆ, ಸಾಮಾನ್ಯ ಫೈಲುಗಳಿಗೆ ಆ ಕಾವಲಿಲ್ಲ. ಹೀಗೆ ಡಿಸ್ಕಿಗೆ ಹೋಗಲು ಕಾಯುತ್ತಿರುವ ಪುಟಗಳನ್ನು (ಮೆಮೊರಿಯ ಸಣ್ಣ ತುಂಡುಗಳನ್ನು) ಇಂಗ್ಲಿಷಿನಲ್ಲಿ 'ಡರ್ಟಿ' ಅನ್ನುತ್ತಾರೆ. 'ಕೊಳಕು ಪುಟ' ಅಂತ ಮಾತ್ರ ಬೇಡ, ಓದಿದವರು ಏನೋ ಕೆಟ್ಟಿದೆ ಅಂದುಕೊಂಡು ಅಳಿಸಲು ಹೊರಡುತ್ತಾರೆ. 'ಬರೆಯಲು ಬಾಕಿ ಇರುವ ಪುಟ' ಸಾಕಲ್ವಾ?

ಕೊನೆಯದಾಗಿ 'ಫ್ರೀ' ಮತ್ತು 'ಅವೈಲಬಲ್'. ಲಿನಕ್ಸ್‌ನಲ್ಲಿ ಮೆಮೊರಿ ಲೆಕ್ಕ ತೋರಿಸುವ ಫ್ರೀ ಅನ್ನೋ ಕಮಾಂಡ್ ಕೊಟ್ಟರೆ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ಎರಡನ್ನೂ 'ಲಭ್ಯ' ಅಂತ ಬರೆದರೆ ಓದುವವರಿಗೆ ದಾರಿ ತಪ್ಪುತ್ತದೆ. ಫ್ರೀ 300 ಎಂಬಿ, ಅವೈಲಬಲ್ 5 ಜಿಬಿ ಅಂತ ತೋರಿಸಿದರೆ ಗಾಬರಿ ಬೇಡ. ಬಳಕೆಯಿಲ್ಲದ ಮೆಮೊರಿ ಸುಮ್ನೆ ಬಿದ್ದಿರದೆ ಡಿಸ್ಕ್ ಕ್ಯಾಶ್ ಆಗಿದೆ ಅಷ್ಟೇ, ಪ್ರೋಗ್ರಾಮು ಕೇಳಿದರೆ ಅದರಲ್ಲಿ ಹೆಚ್ಚಿನ ಪಾಲು ಬಿಟ್ಟುಕೊಡುತ್ತದೆ. ನಾನು ಒಂದಕ್ಕೆ 'ಖಾಲಿ', ಇನ್ನೊಂದಕ್ಕೆ 'ಕೇಳಿದರೆ ಸಿಗುವುದು' ಅಂತ ಹಾಕಿದ್ದೇನೆ. ಎರಡನೆಯದು ಉದ್ದವಾಯಿತು, ಚಿಕ್ಕದು ಹೊಳೆದರೆ ಬರೆಯಿರಿ.

ಕೈಪಿಡಿಯ ಒಂದು ವಾಕ್ಯ ಇಲ್ಲಿದೆ, ನಿಮ್ಮ ಪದ ಹಾಕಿ ಒಮ್ಮೆ ಗಟ್ಟಿಯಾಗಿ ಓದಿ ನೋಡಿ: "ಸರ್ವರ್ ನಿಧಾನ ಅಂತ ಕೈದಾಸ್ತಾನನ್ನು ಖಾಲಿ ಮಾಡಬೇಡಿ, ಮೊದಲು ಸ್ವಾಪ್ ಎಷ್ಟು ಬಳಕೆಯಾಗಿದೆ ನೋಡಿ, ಆಮೇಲೆ ಬಫರ್ ಪೂಲ್ ಹದ ಮಾಡಿ."