ಕಾಳ್ಗಿಚ್ಚು ಸಮೀಪಿಸುತ್ತಿದೆ: ಆದೇಶಕ್ಕೆ ಕಾಯಬೇಕೇ, ಈಗಲೇ ಹೊರಡಬೇಕೇ?

ಪ್ರಶ್ನೆ: ನಮ್ಮ ಮನೆ ಗುಡ್ಡದ ಮೇಲಿದೆ, ಕೆಳಗಿನ ಕಾಡಿಗೆ ಬೆಂಕಿ ಬಿದ್ದಿದೆ. ತೆರವಿನ ಆದೇಶ ಇನ್ನೂ ಬಂದಿಲ್ಲ, ವಯಸ್ಸಾದ ಅತ್ತೆಯವರು ಮನೆ ಬಿಟ್ಟು ಬರಲೊಲ್ಲರು. ಇಂಥದ್ದನ್ನು ಕಂಡವರು ಅನುಭವ ತಿಳಿಸಬೇಕಾಗಿ ವಿನಂತಿ.

ಉತ್ತರ 1: ಆದೇಶ ಹೊರಡುವ ಮುನ್ನವೇ ಮನೆ ಬಿಟ್ಟವರು ನಾವು, ಅದಕ್ಕೆ ನಕ್ಕ ನೆರೆಯವರೇ ಆಮೇಲೆ ವಾಹನಗಳ ಸಾಲಿನಲ್ಲಿ ಸಿಲುಕಿದರು. ಮನೆ ಸುಡಲಿಲ್ಲವಾದರೂ ಹೊಗೆಯ ಕಮಟು ಹಾಸಿಗೆ, ಪರದೆ, ಕಪಾಟಿನೊಳಗೆ ಮಡಿಸಿಟ್ಟ ಬಟ್ಟೆಗಳಿಗೂ ಹಿಡಿದು, ಎಷ್ಟು ಒಗೆದರೂ ಹೋಗಲಿಲ್ಲ. ಬೆಂಕಿ ತಾಗದ ಮನೆಗೆ ಪರಿಹಾರವೇಕೆಂದು ವಿಮೆಯವರು ತಗಾದೆ ತೆಗೆದು ಒಂದೊಂದು ವಸ್ತುವಿಗೂ ರಸೀದಿ ಕೇಳಿದರು. ಒಪ್ಪಿಕೊಂಡ ಮೇಲೂ ಸವಕಳಿಯೆಂದು ಕಳೆದು ಅರ್ಧಂಬರ್ಧ ಕೊಟ್ಟರು. ಇಷ್ಟಾದರೂ, ಮತ್ತೊಮ್ಮೆ ಅಂಥ ದಿನ ಬಂದರೆ ನಾನು ಹೊರಡುವವನೇ.

ಉತ್ತರ 2: ಉಳಿದು ಮನೆ ಕಾಪಾಡಿಕೊಂಡವನು ನಾನು. ಬಹಳಷ್ಟು ಮನೆಗಳನ್ನು ಸುಡುವುದು ಎದುರಿಗೆ ಕಾಣುವ ಜ್ವಾಲೆಯಲ್ಲ, ಗಾಳಿಯಲ್ಲಿ ದೂರದಿಂದ ಹಾರಿಬಂದು ಸೂರಿನ ದೋಣಿಯ ತರಗೆಲೆಗಳಲ್ಲಿ ಕೂರುವ ಕಿಡಿ. ವಿದ್ಯುತ್ ಹೋಗುವುದೆಂದೇ ಡೀಸೆಲ್ ಪಂಪು ಇಟ್ಟಿದ್ದೆ. ಅದರ ಪ್ಲಾಸ್ಟಿಕ್ ಕೊಳವೆ ಕಾವಿಗೆ ಮೆತ್ತಗಾಗಿ ಕುಸಿದ ಮೇಲೆ ಬಕೆಟ್ಟು, ಒದ್ದೆ ಗೋಣಿಚೀಲಗಳೇ ಗತಿಯಾದವು. ಓಡಿಹೋದವರ ಸೂರಿನ ಕಿಡಿಗಳನ್ನೂ ನಾನೇ ಆರಿಸಿದೆ.

ಉತ್ತರ 1: ‘ಓಡಿಹೋದವರು’ ಎಂಬ ಮಾತನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. 2009ರ ಫೆಬ್ರುವರಿ 7ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹೊತ್ತಿದ ಬೆಂಕಿಗಳು 173 ಜನರನ್ನು ಬಲಿತೆಗೆದುಕೊಂಡವು. ಅವರಲ್ಲಿ ಹೆಚ್ಚಿನವರು ಸತ್ತದ್ದು ಮನೆಗಳೊಳಗೆ. ಪಂಪು ಇಟ್ಟುಕೊಂಡವರು ಅವರಲ್ಲಿ ಒಬ್ಬರೂ ಇರಲಿಲ್ಲವೆಂದು ತಿಳಿದಿರಾ?

ಉತ್ತರ 2: 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣವನ್ನು ಸುಟ್ಟ ಬೆಂಕಿಗೆ 85 ಮಂದಿ ಬಲಿಯಾದರು, ಅವರಲ್ಲಿ ಕೆಲವರು ಕಾರಿನೊಳಗೇ ಸತ್ತರು. ಅವರೂ ಹೊರಟವರೇ.

ಉತ್ತರ 3: ತಡವಾಗಿ ಹೊರಟವರು ಎನ್ನಿ, ಸ್ವಾಮಿ. ಇಳಿಜಾರಿನ ಪ್ರತಿ 10 ಡಿಗ್ರಿ ಏರಿಗೆ, ಮೇಲೇರುವ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಗುಡ್ಡದ ಮನೆಯವರಿಗೆ ನೀವು ಹೇಳುವ ಮಾತೇ ಇದು? ನಾವು ಹೊರಡುವಾಗ ವಿದ್ಯುತ್ ಹೋಗಿ ಗ್ಯಾರೇಜಿನ ಬಾಗಿಲು ಮೇಲೇಳಲಿಲ್ಲ. ಮೋಟಾರಿನಿಂದ ಬಾಗಿಲನ್ನು ಬಿಡಿಸುವ ಕೆಂಪು ಹಗ್ಗವೊಂದು ಮೇಲೆ ತೂಗುತ್ತಿರುತ್ತದೆ. ಹೊಗೆಯಲ್ಲಿ ಅದನ್ನು ತಡಕಾಡಿ ಎಳೆದು, ಇಬ್ಬರು ಸೇರಿ ಬಾಗಿಲನ್ನು ಎತ್ತಿ ಹಿಡಿದಾಗ ಮೂರನೆಯವರು ಕಾರನ್ನು ಹೊರಗೆ ತಂದರು. ಇನ್ನು, ಸೂರಿನ ಮೇಲೆ ನಲ್ಲಿ ಬಿಟ್ಟು ಹೋದ ಬುದ್ಧಿವಂತರಿಂದಾಗಿ ಅಗ್ನಿಶಾಮಕದವರ ಕೊಳವೆಗೆ ನೀರಿನ ಒತ್ತಡವೇ ಇರಲಿಲ್ಲ.

ಉತ್ತರ 1: ನಲ್ಲಿಯ ಮಾತು ನನ್ನನ್ನು ಕುರಿತದ್ದಾದರೆ, ನಾನು ಹೊರಟಾಗ ಗ್ಯಾಸು, ನೀರು ಎರಡನ್ನೂ ಮುಚ್ಚಿದ್ದೆ. ಇಡೀ ದಿನ ಪಂಪು ಓಡಿಸಿದವರನ್ನು ಕೇಳಿ.

ಉತ್ತರ 2: ನನ್ನ ಪಂಪಿಗೆ ನೀರು ಬಂದದ್ದು ನನ್ನದೇ ತೊಟ್ಟಿಯಿಂದ. ತಿಳಿಯದೆ ಆಡಬೇಡಿ.