ಕರಿ ಪುಸ್ತಕದ ಆ ಒಂದು ಸಾಲು

ಗಿರಿಜತ್ತೆ: (ಫಾರ್ವರ್ಡ್) "ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿರುವ ಒಂದು ಕುಟುಂಬ ತಮ್ಮ ಮುತ್ತಜ್ಜನ ಊರು ಹುಡುಕುತ್ತಿದೆ. ಹಡಗಿನ ಪಟ್ಟಿಯ ಪ್ರಕಾರ ಹೆಸರು ಹನುಮ, ತಂದೆ ತಿಪ್ಪ, ವಯಸ್ಸು 22, ಬಳ್ಳಾರಿ ಜಿಲ್ಲೆ, ಹರಪನಹಳ್ಳಿ ತಾಲೂಕು. ಎಡ ಹುಬ್ಬಿನ ಮೇಲೆ ಗಾಯದ ಕಲೆ. 1898ರಲ್ಲಿ ಮದ್ರಾಸಿನಿಂದ ಹೊರಟವರು. ಗೊತ್ತಿದ್ದವರು ತಿಳಿಸಿ. ವಿದೇಶದವರು ಆಸ್ತಿಯಲ್ಲಿ ಪಾಲು ಕೇಳಲು ಬರುತ್ತಿದ್ದಾರೆ, ಎಚ್ಚರ!!"

ಗಿರಿಜತ್ತೆ: ನಾನು ಹೇಳಿರಲಿಲ್ವಾ? ಇವತ್ತಲ್ಲ ನಾಳೆ ಬಂದೇ ಬರುತ್ತಾರೆ ಅಂತ.

ಮಂಜು: ಅತ್ತೆ, ಇದನ್ನು ಮೊದಲು ಬರೆದವರು ಯಾರು? ಕೊನೆಯ ಸಾಲು ಬೇರೆ ಯಾರೋ ಸೇರಿಸಿದ ಹಾಗಿದೆ. ಊರು ಹುಡುಕುವವರು ಪಾಲು ಕೇಳಲು ಬರುತ್ತೇವೆ ಅಂತ ಅವರೇ ಬರೆದುಕೊಳ್ಳುತ್ತಾರಾ?

ಗಿರಿಜತ್ತೆ: ನಮ್ಮ ಭಜನೆ ಗುಂಪಿನಲ್ಲಿ ಬಂತಪ್ಪ. ಅವರೇನು ಸುಳ್ಳು ಹೇಳುತ್ತಾರಾ?

ಮಂಜು: ಹರಪನಹಳ್ಳಿ ಇರುವುದು ದಾವಣಗೆರೆ ಜಿಲ್ಲೆಯಲ್ಲಿ. ಅಲ್ಲೇ ಗೊತ್ತಾಗುತ್ತದೆ ಇದು ಸುಳ್ಳು ಅಂತ.

ಲತಾ: ಮಂಜಣ್ಣ, ಅದು ದಾವಣಗೆರೆಗೆ ಸೇರಿದ್ದು 1997ರಲ್ಲಿ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ್ಯ. ಈಗ ವಿಜಯನಗರ ಜಿಲ್ಲೆಯಲ್ಲಿದೆ. 1898ರ ಕಾಗದದಲ್ಲಿ ಬಳ್ಳಾರಿ ಅಂತಿದ್ದರೆ ಅದೇ ಸರಿ.

ಶಿವಣ್ಣ ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ನಮ್ಮ ಹನುಮಂತ ತಾತ ಹೋದದ್ದು ಮಾರಿಷಸ್ಸಿಗೆ. ಧಾತು ಬರದಲ್ಲಿ. ನಮ್ಮ ಅಪ್ಪ ಹೇಳಿದ್ದು, ಅದಕ್ಕಿಂತ ದೊಡ್ಡ ದಾಖಲೆ ಬೇಕಾ? ಹೆತ್ತ ತಾಯಿಯನ್ನು ಬಿಟ್ಟು ಹೋದವನು ಒಂದು ಕಾಗದ ಬರೆಯಲಿಲ್ಲ. ದುಡ್ಡಿನ ಆಸೆಗೆ ಸಮುದ್ರ ದಾಟಿದವರು ತಿರುಗಿ ನೋಡುವುದಿಲ್ಲ. ಆಗಲೂ ಅಷ್ಟೇ, ಈಗಲೂ ಅಷ್ಟೇ.

ಮಂಜು: ಈಗಲೂ ಅಂದರೆ? ಇದು ನನ್ನ ಮಗನಿಗೆ ಹೇಳಿದ್ದಾ ದೊಡ್ಡಪ್ಪ? ಅವನು ಪ್ರತಿ ಭಾನುವಾರ ಫೋನ್ ಮಾಡುತ್ತಾನೆ.

ಶಿವಣ್ಣ ದೊಡ್ಡಪ್ಪ: ನಾನು ಯಾರ ಹೆಸರೂ ಹೇಳಲಿಲ್ಲ.

ಪ್ರಕಾಶ: ಹನುಮಂತ ತಾತ ಅಂದ ಕೂಡಲೇ ಅಜ್ಜಿಯ ನೆನಪಾಯಿತು. ಬೇಸಿಗೆ ರಜೆಯಲ್ಲಿ ಅಂಗಳದಲ್ಲಿ ಸಾಲಾಗಿ ಮಲಗುತ್ತಿದ್ದೆವು, ಅಲ್ವಾ? ಅಜ್ಜಿ ಅವನಿಗೆ ಹೋರಿ ತಿವಿದ ಕತೆ ಹೇಳುವಾಗ ನನ್ನ ಹುಬ್ಬು ಮುಟ್ಟಿ "ಇಲ್ಲಿ ನೋಡು, ಇಲ್ಲಿ" ಅನ್ನುತ್ತಿದ್ದಳು. ನಾನು ಹೆದರಿ ಹೊದಿಕೆ ಎಳೆದುಕೊಳ್ಳುತ್ತಿದ್ದೆ. ಆ ದಿನಗಳು ಮತ್ತೆ ಬರುವುದಿಲ್ಲ ಬಿಡಿ. 😢

ಗಿರಿಜತ್ತೆ: ಆ ಅಂಗಳವನ್ನೂ ಬಿಡಲಿಲ್ಲ. ಕಾಂಪೌಂಡ್ ಹಾಕಿದರು. ಯಾರು ಅಂತ ಎಲ್ಲರಿಗೂ ಗೊತ್ತು.

ಲತಾ: ಪ್ರಕಾಶ, ಯಾವ ಹುಬ್ಬು? ಎಡವಾ ಬಲವಾ? ಫಾರ್ವರ್ಡ್ ಪೂರ್ತಿ ಓದಿದೆಯಾ?

ಪ್ರಕಾಶ: ಓದಲಿಲ್ಲ. ಯಾವ ಹುಬ್ಬು ಅಂತ ನೆನಪಿಲ್ಲ ಕಣೆ. ಯಾಕೆ?

ಮಂಜು: ಹಳ್ಳಿಯಲ್ಲಿ ದನ ಕಾಯ್ದ ಯಾವ ಹುಡುಗನ ಮುಖದ ಮೇಲೆ ಕಲೆ ಇರಲಿಲ್ಲ ಲತಾ? 1860ರಿಂದ 1911ರವರೆಗೆ ಡರ್ಬನ್ ಇರುವ ನಟಾಲ್‌ಗೆ ಕೂಲಿ ಕರಾರಿನ ಮೇಲೆ ಹೋದವರು 1,52,184 ಜನ. ಅದರಲ್ಲಿ ಹನುಮ ಅನ್ನುವವರು ಎಷ್ಟೋ! ನಮ್ಮ ವಂಶವೃಕ್ಷದಲ್ಲಿ ಮುತ್ತಜ್ಜನ ತಂದೆ ರಂಗಪ್ಪ ಅಂತಿದೆ. ಇಲ್ಲಿ ತಿಪ್ಪ. ಅದೂ ಅಲ್ಲದೆ ವಂಶವೃಕ್ಷದಲ್ಲಿ ಹನುಮಂತನ ಹೆಸರೇ ಇಲ್ಲ.

ಗಿರಿಜತ್ತೆ: ಹೇಗಿರುತ್ತದೆ? ಖಾತೆ ಬದಲಾಯಿಸುವಾಗ ವಂಶವೃಕ್ಷ ಮಾಡಿಸಿದವರು ಯಾರು? ಹೆಣ್ಣುಮಕ್ಕಳ ಹೆಸರೇ ಬಿಟ್ಟವರು ಹಡಗು ಹತ್ತಿದವನ ಹೆಸರು ಬರೆಸುತ್ತಾರಾ?

ಶಿವಣ್ಣ ದೊಡ್ಡಪ್ಪ: ಗಿರಿಜಾ, ಅದು ಮುಗಿದ ಮಾತು. ಆಗ ನೀನೇ ಸಹಿ ಹಾಕಿದ್ದೀಯ.

ಗಿರಿಜತ್ತೆ: ಓದಿ ಹೇಳಿದ್ದರೆ ಹಾಕುತ್ತಿರಲಿಲ್ಲ ಅಣ್ಣ.

ಲತಾ: ಒಂದು ನಿಮಿಷ ಎಲ್ಲರೂ ಕೇಳಿ. ಸ್ವಲ್ಪ ಉದ್ದ ಆಗುತ್ತದೆ.

ಈ ಮೂರು ದಾಖಲೆಗಳಲ್ಲಿ ಯಾವುದು ನಿಜ ಅಂತ ಕೈ ಎತ್ತಿಸಿ ತೀರ್ಮಾನ ಮಾಡಲು ಆಗುವುದಿಲ್ಲ. ಒಂದೊಂದನ್ನೂ ಯಾರೋ ಯಾವುದೋ ಕೆಲಸಕ್ಕೆ ಬರೆಸಿದ್ದಾರೆ. ವಂಶವೃಕ್ಷ ಬರೆಸಿದ್ದು ಖಾತೆಗೆ. ಅರ್ಜಿ ಹಾಕಿದವರು ಹೇಳಿದ ಹೆಸರು ಮಾತ್ರ ಅದರಲ್ಲಿ ಬರುತ್ತದೆ. ಹಡಗಿನ ಪಟ್ಟಿಯನ್ನು ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದುಕೊಂಡರು. ವಯಸ್ಸು ಅಂದಾಜು. ಆದರೆ ಎತ್ತರ, ಮೈ ಮೇಲಿನ ಗುರುತು ಕಣ್ಣಾರೆ ನೋಡಿ ಬರೆದದ್ದು. ಹೆಸರಿಗಿಂತ ನಾನು ಅದನ್ನೇ ಜಾಸ್ತಿ ನಂಬುತ್ತೇನೆ.

ಇನ್ನು ಮನೆಯವರ ಹೆಸರು ಬರೆದಿಟ್ಟ ನಮ್ಮ ಕರಿ ಪುಸ್ತಕ. ಚಿಕ್ಕವಳಿದ್ದಾಗ ಆ ಸಾಲು ನೋಡಿದ್ದೇನೆ. "ಹನುಮಂತ – ಧಾತು" ಅಂತ ಇದೆ, ಅಷ್ಟೇ. ಹೋದ ಅಂತಲೂ ಇಲ್ಲ, ಹುಟ್ಟಿದ ಅಂತಲೂ ಇಲ್ಲ. ಧಾತು ಸಂವತ್ಸರ ಅಂದರೆ 1876, ದೊಡ್ಡ ಬರ ಶುರುವಾದ ವರ್ಷ. ನಾವೆಲ್ಲ ಬರದಲ್ಲಿ ಹೋದ ಅಂತ ಓದಿಕೊಂಡೆವು. ಅದು ಹುಟ್ಟಿದ ವರ್ಷ ಆಗಿದ್ದರೆ? 1898ಕ್ಕೆ ಸರಿಯಾಗಿ 22! ಬಳ್ಳಾರಿ ಕಡೆ 1896–97ರಲ್ಲೂ ಬರ ಬಿದ್ದಿತ್ತು. ಹಾಗಾದರೆ "ಬರದಲ್ಲಿ ಹೋದ" ಅನ್ನುವ ಮಾತೂ ಸುಳ್ಳಾಗುವುದಿಲ್ಲ.

ಮಂಜು: ಮಾರಿಷಸ್?

ಲತಾ: ಎರಡೂ ಕಡೆ ಕಬ್ಬಿನ ತೋಟ. ಎರಡು ಕಡೆಗೂ ಮದ್ರಾಸಿನಿಂದ ಹಡಗು ಹೋಗುತ್ತಿತ್ತು. ಊರಲ್ಲಿ ಉಳಿದವರಿಗೆ ಎರಡೂ ಒಂದೇ ಆಗಿರಬಹುದು. ಅದನ್ನು ನಾನು ಖಂಡಿತ ಅಂತ ಹೇಳುವುದಿಲ್ಲ. ಹನುಮಂತನ ಅಪ್ಪನ ಹೆಸರಿಗೂ ನನ್ನ ಹತ್ತಿರ ಉತ್ತರ ಇಲ್ಲ.

ದೊಡ್ಡಪ್ಪ, ತಪ್ಪು ತಿಳಿಯಬೇಡಿ, ದುಡ್ಡಿನ ಆಸೆ ಅನ್ನಬೇಡಿ. ಐದು ವರ್ಷದ ಕರಾರು. ಅದು ಮುಗಿದ ಮೇಲೆ ವಾಪಸ್ ಬರಬೇಕು, ಇಲ್ಲವೇ ಮತ್ತೆ ಕರಾರಿಗೆ ಹೆಬ್ಬೆಟ್ಟು ಒತ್ತಬೇಕು. ಎರಡೂ ಬೇಡ ಅಂದರೆ 1895ರ ಕಾನೂನಿನ ಪ್ರಕಾರ ವರ್ಷಕ್ಕೆ ಮೂರು ಪೌಂಡ್ ತೆರಿಗೆ. ಅದು ರದ್ದಾದದ್ದು 1914ರಲ್ಲಿ. ಓದು ಬರಹ ಬಾರದವನು ಯಾರ ಕೈಯಲ್ಲಿ ಕಾಗದ ಬರೆಸಬೇಕಿತ್ತು?

ಗಿರಿಜತ್ತೆ: ಪಾಪ.

ಗಿರಿಜತ್ತೆ: ಆದರೂ ಪಾಲು ಕೇಳಿದರೆ ನಾನಂತೂ ಸಹಿ ಹಾಕುವುದಿಲ್ಲ.

ಲತಾ: ಅವರು ಕೇಳುತ್ತಿರುವುದು ಊರಿನ ಹೆಸರು ಅತ್ತೆ. ನಟಾಲ್‌ನಲ್ಲಿ ಇಳಿದ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡುತ್ತಿದ್ದರು. ಅದು ಸಿಕ್ಕರೆ ಅದೇ ನಂಬರ್ ಹಿಡಿದು ಬೇರೆ ಕಾಗದ ಹುಡುಕಬಹುದು. ಅದನ್ನು ನಾನು ಅವರನ್ನು ಕೇಳುತ್ತೇನೆ. ನಮ್ಮ ಕಡೆಯಿಂದ ಬೇಕಿರುವುದು ಕರಿ ಪುಸ್ತಕದ ಆ ಪುಟ, ಪೂರ್ತಿ. ನಮ್ಮ ಮುತ್ತಜ್ಜ 1941ರಲ್ಲಿ ತೀರಿಕೊಂಡಾಗ ವಯಸ್ಸು ಎಪ್ಪತ್ತರ ಹತ್ತಿರ ಅನ್ನುತ್ತಾರೆ. ಅವರ ಹೆಸರಿನ ಮುಂದೆ ಅಂಗೀರಸ ಅಂತಿದ್ದರೆ 1872. ಆಗ ಅದು ಮಕ್ಕಳು ಹುಟ್ಟಿದ ವರ್ಷಗಳ ಪಟ್ಟಿ ಅಂತ ಗೊತ್ತಾಗುತ್ತದೆ. ದೊಡ್ಡಪ್ಪ, ಪುಸ್ತಕ ನಿಮ್ಮ ಹತ್ತಿರವೇ ಇದೆ ಅಲ್ವಾ?

ಪ್ರಕಾಶ: ಕರಿ ಪುಸ್ತಕ! ಅದರೊಳಗೆ ನವಿಲುಗರಿ ಇಟ್ಟಿದ್ದು ನಾನೇ.

ಗಿರಿಜತ್ತೆ: ಇರದೆ ಎಲ್ಲಿಗೆ ಹೋಗುತ್ತದೆ? ಪಾಲಾದ ದಿನ ಟ್ರಂಕ್ ಸಮೇತ ಎತ್ತಿಕೊಂಡು ಹೋದರಲ್ಲ.

ಮಂಜು: ಪುಟದ ಫೋಟೊ ಹಾಕಿ ದೊಡ್ಡಪ್ಪ. ಅಂಚು ಕತ್ತರಿಸದೆ ಪೂರ್ತಿ ಹಾಕಿ. ಅಂಗೀರಸ ಅಂತಿದ್ದರೆ ಮುಂದೆ ಮಾತಾಡೋಣ.

ಶಿವಣ್ಣ ದೊಡ್ಡಪ್ಪ: ಪುಸ್ತಕ ಇದೆ. ಒಂದು ಹಾಳೆಯೂ ಹರಿಯದ ಹಾಗೆ ಬಟ್ಟೆ ಸುತ್ತಿ ಇಟ್ಟಿದ್ದೇನೆ. ನಾಳೆ ಬೆಳಕಿನಲ್ಲಿ ಫೋಟೊ ತೆಗೆಯುತ್ತೇನೆ. ಮೊದಲು "ಎತ್ತಿಕೊಂಡು ಹೋದರು" ಅಂದವರು ಇದೇ ಗುಂಪಿನಲ್ಲಿ ಆ ಮಾತು ವಾಪಸ್ ತೆಗೆದುಕೊಳ್ಳಲಿ.

ಲತಾ: ಅತ್ತೆ?

ಲತಾ: ಅತ್ತೆ, ನೋಡಿದ್ದೀರ ಅಂತ ಗೊತ್ತು. ನೀಲಿ ಟಿಕ್ ಬಂದಿದೆ.