ಮಿಲ್ಲಿನ ಹಾಡಿಗೆ ಮನೆಮಂದಿಯ ವಾದ

ನಾನು: (ವಿಡಿಯೊ) ಅಮೆರಿಕದ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್, ‘ಮೈ ಹೋಮ್‌ಟೌನ್’. ದೊಡ್ಡಪ್ಪ, ಚಿಕ್ಕಪ್ಪ, ನೀವಿಬ್ರೂ ತಪ್ಪದೆ ಕೇಳಿ. ಐದು ನಿಮಿಷಾನೂ ಇಲ್ಲ.

ಅಣ್ಣ: ಏನಲೇ ಇದು! ನಾನು ಇವನ ಕ್ಯಾಸೆಟ್ ಹಾಕಿದ್ರೆ ಎದ್ದು ಹೊರಗೆ ಹೋಗ್ತಿದ್ದೋನು ನೀನು. ಗಂಟಲು ಹರ್ಕೊಂಡು ಅಮೆರಿಕಕ್ಕೆ ಜೈಕಾರ ಹಾಕ್ತಾನೆ ಅಂತಿದ್ದೆ.

ನಾನು: ಆ ಗಂಟಲು ಈಗಲೂ ನಂಗೆ ಪೂರ್ತಿ ಒಗ್ಗಿಲ್ಲಣ್ಣ. ‘ಬಾರ್ನ್ ಇನ್ ದ ಯುಎಸ್‌ಎ’ ಡ್ರಮ್ಸ್ ಶುರುವಾದ್ರೆ ಇವತ್ತಿಗೂ ಮೆರವಣಿಗೆ ಬಂದಂಗೆ ಅನ್ಸುತ್ತೆ. ಆದ್ರೆ ಇದು ಅದೇ 1984ರ ಆಲ್ಬಮ್ಮಿನ ಕೊನೇ ಹಾಡು. ಇದ್ರಲ್ಲಿ ಕೂಗಾಟ ಇಲ್ಲ. ರೈಲ್ವೆ ಹಳಿ ಆಚೆಗಿನ ಬಟ್ಟೆ ಮಿಲ್ ಮುಚ್ತಾರೆ. ಈ ಕೆಲಸ ಹೋದ್ರೆ ಹೋದವೇ, ತಿರುಗಿ ಬರಲ್ಲ ಅಂತ ಮೇಸ್ತ್ರಿ ಹೇಳ್ತಾನೆ. ಮೇನ್ ರೋಡಿನ ಅಂಗಡಿ ಎಲ್ಲ ಖಾಲಿ. ಇದನ್ನ ಕೇಳಿ ನಮ್ಮ ದಾವಣಗೆರೆ ನೆನಪಾಯ್ತು ಅಂತ ಬೇರೆ ಹೇಳ್ಬೇಕಾ?

ದೊಡ್ಡಪ್ಪ: ಕೇಳಿದೆ. ಮಾತು ಒಂದೂ ತಿಳೀಲಿಲ್ಲ. ನೀನು ಬರೆದಿದ್ದು ತಿಳೀತು. ಅವರಿಗೆ ಮೇಸ್ತ್ರಿನಾದ್ರೂ ಹೇಳಿದ. ನಮಗೆ ಯಾರೂ ಹೇಳ್ಲಿಲ್ಲಪ. ಬೆಳಗಿನ ಪಾಳಿಗೆ ಹೋದ್ರೆ ಗೇಟಿಗೆ ನೋಟಿಸು ಅಂಟಿಸಿದ್ರು. ಬುತ್ತಿ ಡಬ್ಬಿ ಕೈಯಾಗೆ ಹಿಡ್ಕಂಡು ಮಧ್ಯಾಹ್ನದ ಪಾಳಿಯವರು ಬರೋ ತನಕ ಅಲ್ಲೇ ನಿಂತಿದ್ವಿ. ಅವರು ಬಂದ ಮೇಲೆ ಅವರಿಗೆ ಓದಿ ಹೇಳಿದ್ವಿ.

ಅಕ್ಕ: ದೊಡ್ಡಪ್ಪ, ಇದನ್ನ ನೀವು ನಮಗೆ ಯಾವತ್ತೂ ಹೇಳಿರ್ಲಿಲ್ಲ.

ದೊಡ್ಡಪ್ಪ: ಯಾರು ಕೇಳಿದ್ರವ್ವ?

ಅಣ್ಣ: ದೊಡ್ಡಪ್ಪ ಹೇಳಿದ್ದು ಸರಿ. ಆದ್ರೆ ಈ ಮನುಷ್ಯ 2021ರಲ್ಲಿ ತನ್ನ ಹಾಡುಗಳ ಹಕ್ಕೆಲ್ಲ ಸೋನಿ ಮ್ಯೂಸಿಕ್ ಕಂಪನಿಗೆ ಮಾರಿದ. ಸುಮಾರು 50 ಕೋಟಿ ಡಾಲರ್ ಅಂತ ಪೇಪರ್‌ನಲ್ಲಿ ಬಂತು. ಅಂಥವನು ಮಿಲ್ ಕೂಲಿಯವರ ಕಷ್ಟ ಹಾಡಿದ್ರೆ ನಂಬ್ಬೇಕಾ? ಇವನು ಫ್ಯಾಕ್ಟರಿ ಒಳಗೆ ಕಾಲೇ ಇಟ್ಟೋನಲ್ಲ.

ನಾನು: ಅದನ್ನ ನ್ಯೂಯಾರ್ಕಿನ ನಾಟಕದ ಬೀದಿ ಬ್ರಾಡ್‌ವೇ ಸ್ಟೇಜ್ ಮೇಲೆ ನಿಂತು ಅವನೇ ಹೇಳ್ಕೊಂಡಿದ್ದಾನೆ. ಒಳಗೆ ಹೋದೋನು ಅವನಪ್ಪ. ನ್ಯೂಜೆರ್ಸಿಯ ಫ್ರೀಹೋಲ್ಡ್ ಅನ್ನೋ ಸಣ್ಣ ಊರು, ಅಲ್ಲೊಂದು ರಗ್ಗಿನ ಮಿಲ್. ಅಪ್ಪ ಅಲ್ಲಿ ದುಡಿದ, ಫೋರ್ಡ್ ಕಾರ್ಖಾನೇಲಿ ದುಡಿದ, ಬಸ್ ಓಡಿಸಿದ, ಜೈಲಲ್ಲಿ ಗಾರ್ಡ್ ಆಗಿದ್ದ. ಯಾವ ಕೆಲಸಾನೂ ನೆಟ್ಟಗೆ ನಿಲ್ಲಲಿಲ್ಲ. ಪಾಳಿ ಮುಗಿಸಿ ಬಂದೋನಿಗೆ ಹಾಡು ಬರೆಯೋಕೆ ಎಲ್ಲಿರುತ್ತೆ ಜೀವ? ಮನೇಲಿ ಕೂತು ಅಪ್ಪನ ಮುಖ ನೋಡ್ತಿದ್ದ ಮಗ ಬರೆದ. ದುಡ್ಡು ಬಂತು, ಬರ್ಲಿ. ಹಾಡು ಸುಳ್ಳಾಗಲ್ಲ.

ಅಣ್ಣ: ಒಳ್ಳೇ ವಕೀಲ ಸಿಕ್ಕಿದ ಅವನಿಗೆ.

ಚಿಕ್ಕಪ್ಪ: ನಂಗೂ ಆ ಆಲ್ಬಮ್ಮಿನ ಬಾವುಟದ ಕವರ್ ನೆನಪೈತಿ. ಎಲೆಕ್ಷನ್ ಭಾಷಣದಾಗೆ ಆಗಿನ ಅಮೆರಿಕ ಅಧ್ಯಕ್ಷ ರೇಗನ್ ಇವನ ಹೆಸರೆತ್ತಿ ಹೊಗಳಿದ್ದ. ಅದಕ್ಕೇ ನಾನೂ ದೂರ ಇಟ್ಟಿದ್ದೆ.

ನಾನು: ಹೌದು ಚಿಕ್ಕಪ್ಪ, ಅದೇ 1984ರ ಸೆಪ್ಟೆಂಬರ್. ಆದ್ರೆ ಆ ‘ಯುಎಸ್‌ಎ’ ಹಾಡಿನ ಒಳಗಿರೋದು ವಿಯೆಟ್ನಾಂ ಯುದ್ಧದಿಂದ ಬಂದು, ರಿಫೈನರಿಗೆ ಕೆಲಸ ಕೇಳೋಕೆ ಹೋಗಿ, ಇಲ್ಲ ಅನ್ನಿಸ್ಕೊಂಡೋನ ಕಥೆ. ಪಲ್ಲವಿ ಅಷ್ಟು ಜೋರಾಗಿರೋದ್ರಿಂದ ಚರಣ ಯಾರ ಕಿವಿಗೂ ಬೀಳಲಿಲ್ಲ. ಇದ್ರಲ್ಲಿ ಕೇಳಿದೋರ ತಪ್ಪಿಗಿಂತ ಅವನ ಡ್ರಮ್ಸಿನ ತಪ್ಪೇ ಜಾಸ್ತಿ ಅಂತ ನಾನು ಈಗಲೂ ಹೇಳ್ತೀನಿ. ಇದನ್ನೇ ಅವನು ಮೊದಲು, 1982ರಲ್ಲಿ, ಮನೇಲಿ ಕೂತು ಬರೀ ಗಿಟಾರ್ ಹಿಡಿದು ಹಾಡಿದ್ದ. ಅದನ್ನ ಕೇಳಿದ್ರೆ ಯಾರೂ ಜೈಕಾರ ಅನ್ನಲ್ಲ.

ಅಕ್ಕ: ನನ್ನ ತಕರಾರು ಬೇರೆ. ದಾವಣಗೆರೆ ಅಂದ್ರೆ ದಿನಾ ಬೆಣ್ಣೆದೋಸೆ ರೀಲ್ಸ್. ಬಟ್ಟೆ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡ ಊರು ಅನ್ನೋದು ನನ್ನ ಮಗಳಿಗೆ ಗೊತ್ತೇ ಇಲ್ಲ. ನಮ್ಮ ಮಿಲ್ಲಿನ ನೋವು ಕೇಳೋಕೆ ನ್ಯೂಜೆರ್ಸಿಯವನ ಹಾಡೇ ಬೇಕಾಯ್ತಾ?

ಚಿಕ್ಕಪ್ಪ: ಬೇಕಾಯ್ತು ಕಣಮ್ಮ, ಏನ್ಮಾಡೋದು. ಕೊನೇ ಚರಣದಾಗೆ 35 ವರ್ಷದವನು ರಾತ್ರಿ ಮಲಗೋವಾಗ ಹೆಂಡ್ತಿ ಹತ್ರ ಊರು ಬಿಡೋ ಮಾತಾಡ್ತಾನೆ. ನಾನು, ನಿಮ್ಮ ಚಿಕ್ಕಮ್ಮ ಆಡಿದ್ದೂ ಅದೇ ಮಾತು. ಅವನು ಮಗನ್ನ ಕಾರಿನ ಸ್ಟೀರಿಂಗ್ ಮುಂದೆ ಕೂರಿಸಿ ಊರು ತೋರಿಸ್ತಾನೆ. ನಾನು ಅಷ್ಟೂ ಮಾಡಲಿಲ್ಲ. ಟ್ರಂಕು ಕಟ್ಟಿ ಬೆಂಗಳೂರಿನ ರೈಲು ಹತ್ತಿದ್ವಿ.

ಅಣ್ಣ: ಚಿಕ್ಕಪ್ಪ, ನಿಮಗೆ ಎದುರು ಹೇಳಲ್ಲ.

ನಾನು: ದೊಡ್ಡಪ್ಪ, ಇನ್ನೊಂದು ಐತೆ. ‘ಫ್ಯಾಕ್ಟರಿ’, 1978ರದ್ದು, ಮೂರು ನಿಮಿಷಾನೂ ಇಲ್ಲ. ಅಪ್ಪ ಬೆಳಗ್ಗೆ ಸೈರನ್ನಿಗೆ ಎದ್ದು ಮಳೇಲಿ ಗೇಟು ದಾಟ್ತಾನೆ. ಫ್ಯಾಕ್ಟರಿ ಅವನ ಕಿವಿ ಕಿತ್ಕೊಳ್ಳುತ್ತೆ, ಬದುಕನ್ನೂ ಅದೇ ಕೊಡುತ್ತೆ. ನಿಮ್ಮ ಎಡಗಿವಿ ನೆನಪಾಯ್ತು.

ದೊಡ್ಡಪ್ಪ: ಕಿವಿ ವಿಷ್ಯ ಹಾಡಿನಾಗೆ ಬರೆದಾನಾ?

ನಾನು: ಬರೆದಿದ್ದಾನೆ.

ದೊಡ್ಡಪ್ಪ: ಬಟ್ಟೆ ನೇಯೋ ಲೂಮ್ ಖಾತೆಯಾಗೆ ಇದ್ದೋರದ್ದೆಲ್ಲ ಹೋಗೈತಿ. ಒಬ್ಬರಿಗೊಬ್ಬರು ಕೈಸನ್ನೆ, ತುಟಿ ನೋಡೇ ಮಾತಾಡ್ತಿದ್ವಿ. ಆ ಹಾಡು ಕನ್ನಡದಾಗೆ ಸಾಲು ಸಾಲು ಅರ್ಥ ಬರೆದು ಹಾಕು. ಅಕ್ಷರ ದೊಡ್ಡದಾಗಿರ್ಲಿ. ಆ ಡ್ರಮ್ಸಿಂದು ಬ್ಯಾಡ.

ಅಣ್ಣ: ಆ ಹಾಡೇ ಡ್ರಮ್ಸ್ ಇಲ್ಲದ್ದು ನಾನು ಕಳಿಸ್ತೀನಿ ದೊಡ್ಡಪ್ಪ. ಇವನು 1982ರದ್ದು ಅಂತಿದ್ದಾನಲ್ಲ, ಆ ಗಿಟಾರ್‌ದು.